ಆರರಿಂದ ಏಳರವರೆಗೆ

ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಒಂದು ನನ್ನದಲ್ಲ. ಬೆಳಗ್ಗೆ ಆರರಿಂದ ಏಳರವರೆಗೆ ನಾನು ಎಲ್ಲಿರುತ್ತೇನೆ ಎಂದು ತಿಂಗಳುಗಟ್ಟಲೆ ಮೊದಲೇ ಬರೆದುಕೊಟ್ಟಿರಬೇಕು. ಯಾವ ಬೀದಿ, ಎಷ್ಟನೇ ಮಹಡಿ, ಬೆಲ್ಲು ಬಾಗಿಲಿನ ಎಡಕ್ಕಿದೆಯೋ ಬಲಕ್ಕಿದೆಯೋ, ಎಲ್ಲವನ್ನೂ. ಆ ಹೊತ್ತಿನಲ್ಲಿ ಉದ್ದೀಪನ ಮದ್ದಿನ ಪರೀಕ್ಷೆಯವರು ಯಾವ ದಿನ ಬೇಕಾದರೂ ಬರಬಹುದು. ಹೇಳಿ ಬರುವ ನೆಂಟರಲ್ಲ ಅವರು. ಬಂದು ಬೆಲ್ ಒತ್ತಿದಾಗ ನಾನು ಸಿಗದಿದ್ದರೆ ಅದೊಂದು ತಪ್ಪು. ಹನ್ನೆರಡು ತಿಂಗಳಲ್ಲಿ ಅಂಥ ಮೂರು ತಪ್ಪಾದರೆ ಎರಡು ವರ್ಷ ಆಟವಿಲ್ಲ. ನಾನು ಒಂದು ಮಾತ್ರೆಯನ್ನೂ ಮುಟ್ಟಿದವಳಲ್ಲ ಎಂಬುದು ಅಲ್ಲಿ ಮಾತಿಗೇ ಬರುವುದಿಲ್ಲ.

ನನ್ನ ಹೆಸರಿನಲ್ಲಿ ಎರಡು ತಪ್ಪು ಆಗಿಹೋಗಿದ್ದವು. ಮೊದಲನೆಯದಕ್ಕೆ ಶುಕ್ರವಾರ ವರ್ಷ ತುಂಬುತ್ತಿತ್ತು. ತುಂಬಿದರೆ ಅದು ತಾನಾಗಿ ಅಳಿಸಿಹೋಗುತ್ತದೆ. ಅಂದರೆ ಗುರುವಾರದ ಆ ಒಂದು ಗಂಟೆ ದಾಟಿದರೆ ನಾನು ಬಚಾವು. ನನಗಾಗ ಮೂವತ್ಮೂರು. ಹದಿನಾರು ವರ್ಷ ದೇಶ ದೇಶ ಅಲೆದು, ಬಸ್ ನಿಲ್ದಾಣದ ಬೆಂಚುಗಳ ಮೇಲೆ ಮಲಗಿ, ಇಪ್ಪತ್ತು ಜನ ನೋಡುವ ಪಂದ್ಯಗಳಲ್ಲಿ ಮೂರು ಮೂರು ಗಂಟೆ ಓಡಿ, ಕೊನೆಗೂ ಜಗತ್ತಿನ ತೊಂಬತ್ತೇಳನೆಯ ಆಟಗಾರ್ತಿಯಾಗಿದ್ದೆ. ನೂರರೊಳಗೆ ಬಂದರೆ ದೊಡ್ಡ ಟೂರ್ನಿಗಳಿಗೆ ನೇರ ಪ್ರವೇಶ. ಇನ್ನು ಮೂರು ವಾರಕ್ಕೆ ಅಂಥದ್ದೊಂದಿತ್ತು. ಪಟ್ಟಿಯಲ್ಲಿ ನನ್ನ ಹೆಸರು, ಹೆಸರಿನ ಮುಂದೆ ಪುಟ್ಟ ತ್ರಿವರ್ಣ ಬಾವುಟ. ದಿನಕ್ಕೆ ಹತ್ತು ಸಲ ಫೋನಿನಲ್ಲಿ ಅದನ್ನು ತೆಗೆದು ನೋಡುತ್ತಿದ್ದೆ. ಈ ವಯಸ್ಸಿನಲ್ಲಿ ಎರಡು ವರ್ಷ ನಿಲ್ಲುವುದೆಂದರೆ ನಿಂತೇ ಹೋಗುವುದು.

ಮೊದಲನೆಯ ತಪ್ಪು ನನ್ನದೇ. ಎಲ್ಲೋ ಸೋತ ಸಿಟ್ಟಿನಲ್ಲಿ ಒಂದು ದಿನ ಮೊದಲೇ ಹೋಟೆಲು ಖಾಲಿ ಮಾಡಿದೆ, ವಿಳಾಸ ಬದಲಿಸುವುದನ್ನು ಮರೆತೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇದೆ. ನಾನು ನೆಲಕ್ಕೆ ಕುಟ್ಟಿ ಮುರಿದ ರಾಕೆಟ್ಟುಗಳನ್ನು ಸಾಲಾಗಿ ನೆಟ್ಟಿದ್ದರೆ ಒಂದು ಮನೆಗೆ ಬೇಲಿ ಆಗುತ್ತಿತ್ತು ಎಂದು ಅಕ್ಕ ಹೇಳುತ್ತಾಳೆ.

ಎರಡನೆಯ ತಪ್ಪು ಅಪ್ಪನದು. ಅದನ್ನು ಹೇಳಬೇಕಾದರೆ ಅಪ್ಪನ ಕೆಲಸದಿಂದ ಶುರುಮಾಡಬೇಕು.

ಅಪ್ಪ ಟೆನಿಸ್ ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದ. ಮಾರ್ಕರ್ ಎಂದರೆ ಕೋಚ್ ಅಲ್ಲ, ಆಳೂ ಅಲ್ಲ. ಅದು ಎರಡರ ನಡುವಿನ ಜಾಗ. ಜೊತೆ ಸಿಗದ ಮೆಂಬರ್ ಬಂದರೆ ಎದುರು ನಿಂತು ಆಡಬೇಕು, ಆದಷ್ಟು ಗೆಲ್ಲದೆ ಆಡಬೇಕು. ತಂತಿ ಹರಿದ ರಾಕೆಟ್ಟಿಗೆ ಹೊಸ ತಂತಿ ಕಟ್ಟಬೇಕು. ಬೆಳಕು ಹರಿಯುವ ಮುಂಚೆ ಮಣ್ಣಿನ ಕೋರ್ಟಿಗೆ ನೀರು ಚಿಮುಕಿಸಿ, ರೋಲರ್ ಎಳೆದು, ಸುಣ್ಣದ ಗೆರೆ ಹಾಕಬೇಕು. ಹಾಗೆ ಹದ ಮಾಡಿದ ಕೋರ್ಟಿನ ಮೇಲೆ ಅಪ್ಪ ಎಂದೂ ಬೂಟುಗಾಲು ಇಟ್ಟವನಲ್ಲ. ಬಿಳಿ ಕ್ಯಾನ್ವಾಸ್ ಬೂಟುಗಳನ್ನು ಅಂಚಿನಲ್ಲಿ ಒಂದರ ಪಕ್ಕ ಒಂದು ಜೋಡಿಸಿಟ್ಟು, ಬರಿಗಾಲಲ್ಲಿ ಈ ತುದಿಯಿಂದ ಆ ತುದಿಗೆ ನಡೆದು ನೋಡುತ್ತಿದ್ದ. ಮಣ್ಣು ಒಣಗಿದೆಯೋ ಹಸಿ ಇದೆಯೋ ಕಣ್ಣಿಗಿಂತ ಅಂಗಾಲಿಗೆ ಚೆನ್ನಾಗಿ ಗೊತ್ತಾಗುತ್ತದೆ ಎನ್ನುತ್ತಿದ್ದ.

ಮಾರ್ಕರನ ಮಗಳು ಕ್ಲಬ್ಬಿನ ಹೊತ್ತಿನಲ್ಲಿ ಕೋರ್ಟಿಗೆ ಇಳಿಯುವ ಹಾಗಿರಲಿಲ್ಲ. ಮೊದಲ ಮೆಂಬರಿನ ಕಾರು ಗೇಟಿನೊಳಗೆ ಬರುತ್ತಿದ್ದದ್ದು ಏಳಕ್ಕೆ. ಹಾಗಾಗಿ ನನಗೂ ಅಪ್ಪನಿಗೂ ಸಿಕ್ಕಿದ್ದು ಆರರಿಂದ ಏಳು. ಏಳು ವರ್ಷದವಳಾಗಿದ್ದಾಗಿನಿಂದ ಆ ಹೊತ್ತಿನಲ್ಲಿ ನಾನು ಎಲ್ಲಿರುತ್ತೇನೆಂದು ಯಾರು ಕೇಳಿದ್ದರೂ ಹೇಳಬಹುದಿತ್ತು. ಏಳಾದ ಮೇಲೆ ಕ್ಲಬ್ಬಿನ ಹಿಂದಿನ ಗೋಡೆಗೆ ಹೊಡೆಯುತ್ತಿದ್ದೆ. ಗೋಡೆ ಯಾವ ಚೆಂಡನ್ನೂ ಬಿಡುವುದಿಲ್ಲ, ಸುಸ್ತು ಎನ್ನುವುದಿಲ್ಲ. ಅದರ ಎದುರು ಹತ್ತು ವರ್ಷ ಆಡಿ ನಾನೂ ಹಾಗೇ ಆದೆ. ಟೂರ್ನಿಗಳಲ್ಲಿ ನನ್ನನ್ನು ಕರೆಯುವುದೇ ‘ಗೋಡೆ’ ಎಂದು. ಪರೀಕ್ಷೆಯವರ ಫಾರಂನಲ್ಲಿ ಯಾವ ಗಂಟೆ ಎಂದು ಕೇಳಿದಾಗ ಯೋಚಿಸದೆ ಬರೆದಿದ್ದೆ, ಆರರಿಂದ ಏಳು.

ಮ್ಯಾಚ್ ಇರುವ ದಿನ ಮಾತ್ರ ಅಪ್ಪ ನನ್ನನ್ನು ಎಬ್ಬಿಸುತ್ತಿರಲಿಲ್ಲ. ಕೋಣೆಯ ಹೊರಗೆ ಸ್ಟೂಲ್ ಹಾಕಿಕೊಂಡು ಕಾವಲು ಕೂರುತ್ತಿದ್ದ. ಮದುವೆಯ ಮಾತೆತ್ತಿಕೊಂಡು ಬಂದ ಸೋದರತ್ತೆಯನ್ನು ಮೆಟ್ಟಿಲ ಮೇಲಿಂದಲೇ ವಾಪಸು ಕಳಿಸಿದ್ದ. ಪತ್ರಿಕೆಯವನೊಬ್ಬ ಬಂದಾಗಲೂ ಅದೇ ಮಾತು, “ಮಗು ಮನೇಲಿಲ್ಲ. ಆಮೇಲೆ ಬನ್ನಿ.”

ಏಳು ತಿಂಗಳ ಹಿಂದೆ, ದೊಡ್ಡ ಪಂದ್ಯವೊಂದರ ದಿನ ನಾನು ಕಿವಿಗೆ ಹತ್ತಿ ತುರುಕಿಕೊಂಡು ಮಲಗಿದ್ದೆ. ಪರೀಕ್ಷೆಯವರು ಬಂದರು. ಒಬ್ಬ ಕನ್ನಡಕದ ಹೆಂಗಸು, ಪೆಟ್ಟಿಗೆ ಹಿಡಿದ ಒಬ್ಬ ಗಂಡಸು. ಅಪ್ಪ ಬಾಗಿಲು ತೆರೆದು, ಮಗು ಮನೇಲಿಲ್ಲ ಎಂದ. ಅವರು ನಿಯಮದ ಪ್ರಕಾರ ಪೂರ್ತಿ ಒಂದು ಗಂಟೆ ಮೆಟ್ಟಿಲ ಮೇಲೆ ಕಾದು, ಹತ್ತು ನಿಮಿಷಕ್ಕೊಮ್ಮೆ ಬೆಲ್ ಒತ್ತಿದರು. ಮೂರು ಸಲ ಅದೇ ಉತ್ತರ ಕೊಟ್ಟ ಅಪ್ಪ ನಾಲ್ಕನೆಯ ಸಲಕ್ಕೆ ಬೆಲ್ಲಿನ ವೈರನ್ನೇ ಕಿತ್ತುಹಾಕಿದ. ನಾನು ಎದ್ದಾಗ ಖುಷಿಯಿಂದ ಹೇಳಿದ, “ಯಾರೋ ಬಂದಿದ್ರು ಪುಟ್ಟಿ. ಸಾಗಹಾಕ್ದೆ.”

ನಾನು ಬಾಯಿಗೆ ಬಂದಂತೆ ಕೂಗಾಡಿದೆ. ಕ್ಷಮಿಸಿ ಎಂದು ಉದ್ದದ ಪತ್ರ ಬರೆದೆ. ಮನೆಯವರ ತಪ್ಪೂ ಆಟಗಾರ್ತಿಯ ತಪ್ಪೇ ಎಂದು ಒಂದು ಸಾಲಿನ ಉತ್ತರ ಬಂತು. ಆ ಕಾಗದವನ್ನು ಅಪ್ಪನ ಮುಖದ ಮುಂದೆ ಹಿಡಿದಾಗ ಅವನು ನಿಧಾನವಾಗಿ ಕೇಳಿದ, “ಯಾರು ಬಂದಿದ್ರು?” ನಾಟಕವಾಡುತ್ತಿರಲಿಲ್ಲ. ಅಕ್ಕ ಆಸ್ಪತ್ರೆಯಲ್ಲಿ ನರ್ಸು. ಅವಳು ಅಪ್ಪನ ಮುಖ ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ಮರುವಾರ ಡಾಕ್ಟರು ಅಪ್ಪನ ಮರೆವಿಗೆ ಒಂದು ಉದ್ದದ ಹೆಸರು ಹೇಳಿದರು. ಇದು ವಾಸಿಯಾಗುವ ಕಾಯಿಲೆಯಲ್ಲ ಎಂದೂ ಹೇಳಿದರು.

ಅಂದಿನಿಂದ ನಿಯಮಪುಸ್ತಕವನ್ನು ಬಾಯಿಪಾಠ ಮಾಡಿದೆ. ಏನೇನು ಮಾಡಿದರೆ ಏನೇನು ಶಿಕ್ಷೆ, ಅಷ್ಟನ್ನು. ಪರೀಕ್ಷೆಯವರು ಬಂದ ಮೇಲೆ ಅವರ ಕಣ್ಣಿನಿಂದ ಮರೆಯಾದರೆ ನಾಲ್ಕು ವರ್ಷ. ಸ್ಯಾಂಪಲ್ ಕೊಡಲ್ಲ ಎಂದರೆ ನಾಲ್ಕು ವರ್ಷ. ಶಿಕ್ಷೆ ಇಲ್ಲದ ಸಾಲುಗಳನ್ನು ಓದುವ ತಾಳ್ಮೆ ನನಗಿರಲಿಲ್ಲ.

ಅಪ್ಪನ ಕ್ಲಬ್ಬು ಈಗಿಲ್ಲ. ಜಾಗ ಮಾರಿ ಎರಡು ವರ್ಷವಾಯಿತು. ಕೋರ್ಟಿದ್ದಲ್ಲಿ ನಾಲ್ಕು ಆಳು ಆಳಕ್ಕೆ ತಳಪಾಯ ತೋಡಿ, ಸುತ್ತ ತಗಡು ಹೊಡೆದು, ಯಾವುದೋ ತಕರಾರಿಗೆ ಕೆಲಸ ನಿಲ್ಲಿಸಿದ್ದರು. ಮಳೆನೀರು ತುಂಬಿತ್ತು. ಅದು ಮನೆಯಿಂದ ಏಳು ನಿಮಿಷದ ದಾರಿ. ಬೆಳಗಾದರೆ ಅಪ್ಪನಿಗೆ ಅಲ್ಲಿಗೆ ಹೋಗಬೇಕು, ಮೆಂಬರುಗಳು ಬರುವುದರೊಳಗೆ ರೋಲರ್ ಎಳೆಯಬೇಕು. ಎರಡು ಸಲ ಹೊರಟಿದ್ದ. ಎರಡು ಸಲವೂ ಬೀದಿಯ ತಿರುವಿನಲ್ಲಿ ಯಾಕೆ ಬಂದೆನೆಂಬುದೇ ಮರೆತು ವಾಪಸು ಬಂದಿದ್ದ. ಆ ವಾರ ಓಡಲು ಹೋದಾಗ ನೋಡಿದೆ, ತಗಡಿನ ಒಂದು ಮೂಲೆ ಮಡಚಿಕೊಂಡು ಒಬ್ಬ ಮನುಷ್ಯ ನುಸುಳುವಷ್ಟು ಸಂದಾಗಿತ್ತು. ಯಾರಿಗಾದರೂ ಹೇಳಬೇಕು ಅಂದುಕೊಂಡೆ. ಓಟದ ಸಮಯ ತಪ್ಪುತ್ತದೆಂದು ಮುಂದೆ ಹೋದೆ.

ಅಕ್ಕ ರಾತ್ರಿ ಪಾಳಿಗೆ ಹೋಗುವಾಗ ಕೀಲಿಯನ್ನು ನನ್ನ ಕೈಗೆ ಕೊಟ್ಟು, ಬಾಗಿಲಿಗೆ ಒಳಗಿನಿಂದ ಬೀಗ ಹಾಕಿಸಿ ಹೋಗುತ್ತಿದ್ದಳು. ಮರಳಿ ಬರುವುದು ಬೆಳಗ್ಗೆ ಏಳೂವರೆಗೆ. ಆರಕ್ಕೆ ನಾನು ಬೀಗ ತೆಗೆದು, ಬಾಗಿಲನ್ನು ಹಾರು ಹೊಡೆದು, ಎದುರಿಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಬೆಲ್ಲನ್ನು ನಾನೇ ಒಮ್ಮೆ ಒತ್ತಿ ನೋಡುತ್ತಿದ್ದೆ. ಅದು ಅಕ್ಕನಿಗೆ ಗೊತ್ತಾಗಿ ಬುಧವಾರ ಸಂಜೆ ಜಗಳವಾಯಿತು.

“ಬಾಗ್ಲು ಯಾಕೆ ತೆಗೆದಿಡ್ತೀಯೆ? ಅವ್ರು ಬಂದ್ರೆ ಎದ್ದು ತೆಗೀಬಹುದಲ್ಲ.”

“ಕೀಲಿ ಸಿಗದೇ ಹೋದ್ರೆ? ಬೀಗ ಹಿಡ್ಕೊಂಡ್ರೆ? ಬೆಲ್ ಕೆಟ್ಟೋಗಿದ್ರೆ?”

“ಮನೆಗೆ ಬೆಂಕಿ ಬಿದ್ರೆ, ಆಕಾಶ ಕಳಚಿ ಬಿದ್ರೆ, ಅದನ್ನೂ ಸೇರಿಸ್ಕೋ. ಅಪ್ಪ ಎದ್ದು ಹೋದ್ರೆ ಏನ್ಮಾಡ್ತೀಯ?”

“ನಾನು ಎದುರಿಗೇ ಕೂತಿರ್ತೀನಲ್ಲೆ.”

“ನೀನು ಕೂತಿರೋದು ಅವರನ್ನ ಕಾಯೋಕೆ,” ಎಂದಳು ಅಕ್ಕ. “ಅಪ್ಪನ್ನ ಕಾಯೋಕಲ್ಲ.”

“ನಾಳೆ ಒಂದು ದಿನ ಕಣೆ,” ಎಂದೆ. “ನಾಳೆ ಏಳು ಹೊಡೆದ್ರೆ ಮುಗೀತು. ಆಮೇಲೆ ನೂರು ಬೀಗ ಹಾಕು.”

ಅವಳು ಸಮವಸ್ತ್ರದ ಗುಂಡಿ ಹಾಕಿಕೊಂಡು ಹೋದಳು.

ಗುರುವಾರ ಐದೂಮುಕ್ಕಾಲಿಗೆ ಎದ್ದೆ. ಬಚ್ಚಲಿಗೆ ಹೋಗಲಿಲ್ಲ, ಪರೀಕ್ಷೆಯವರಿಗೆ ಬೇಕಾದದ್ದು ಉಚ್ಚೆ, ಅದನ್ನು ಸುಮ್ಮನೆ ಕಳೆದುಕೊಂಡು ಆಮೇಲೆ ತಿಣುಕುವ ದಡ್ಡತನ ಯಾವ ಆಟಗಾರ್ತಿಯೂ ಮಾಡುವುದಿಲ್ಲ. ಬಾಗಿಲು ತೆರೆದೆ. ಬೆಲ್ ಒತ್ತಿ ನೋಡಿದೆ. ಅಪ್ಪನನ್ನು ತಂತಿ ಕಟ್ಟುವ ಹಳೆಯ ಯಂತ್ರದ ಮುಂದೆ ಕೂರಿಸಿ, ತಂತಿ ಬಿಚ್ಚಿದ ರಾಕೆಟ್ಟೊಂದನ್ನು ಕೊಟ್ಟೆ. ಇದು ನನ್ನ ಉಪಾಯ. ಮಗಳ ಹೆಸರು ಮರೆತ ದಿನವೂ ಆ ಬೆರಳುಗಳು ಒಂದು ತೂತು ತಪ್ಪುತ್ತಿರಲಿಲ್ಲ. ಅಪ್ಪ ತಂತಿಯನ್ನು ಎಳೆದು, ಬೆರಳಿನಿಂದ ಮೀಟಿ, ಕಿವಿ ಹತ್ತಿರ ತಂದು ಕೇಳುತ್ತಿದ್ದ. ಕೆಲಸ ಮುಗಿಯಲು ಸರಿಯಾಗಿ ಒಂದು ಗಂಟೆ ಬೇಕು.

ಆರೂಹದಿನೆಂಟಕ್ಕೆ ತಂತಿ ಟಪ್ಪೆಂದು ತುಂಡಾಯಿತು. ಅಪ್ಪ ಎರಡು ತುಂಡನ್ನೂ ಜೋಡಿಸಿ ನೋಡಿದ. ಆಮೇಲೆ ಎದ್ದು ಬಾಗಿಲ ಬಳಿ ಬಂದು ಕ್ಯಾನ್ವಾಸ್ ಬೂಟು ಹಾಕಿಕೊಳ್ಳತೊಡಗಿದ.

“ಎಲ್ಲಿಗಪ್ಪ? ಕೂತ್ಕೋ. ಬೇರೆ ತಂತಿ ಕೊಡ್ತೀನಿ.”

“ಕೋರ್ಟು ಇನ್ನೂ ಎಳೆದಿಲ್ಲ,” ಎಂದ. “ಏಳಕ್ಕೆ ಬಂದ್ಬಿಡ್ತಾರೆ.”

ತೋಳು ಹಿಡಿದೆ. ಅಪ್ಪ ಕೊಡವಿದ. ಎಪ್ಪತ್ತೆರಡು ವರ್ಷದ ತೋಳು, ಆದರೆ ನಲವತ್ತು ವರ್ಷ ರೋಲರ್ ಎಳೆದದ್ದು. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಗುರುತಿಲ್ಲದವರನ್ನು ನೋಡುವ ಹಾಗೆ, ಮರ್ಯಾದೆಯಿಂದ, ಸ್ವಲ್ಪ ಅನುಮಾನದಿಂದ.

“ನೀವು ಅವತ್ತೂ ಬಂದಿದ್ರಲ್ಲ,” ಎಂದ. ದನಿ ತಗ್ಗಿಸಿ, ಒಳಕೋಣೆಯ ಕಡೆ ಕೈ ತೋರಿಸಿದ. “ಮಗು ಮಲಗಿದೆ. ಇವತ್ತು ಮ್ಯಾಚಿದೆ ಅದಕ್ಕೆ. ಎಬ್ಬಿಸಬೇಡಿ. ಆಮೇಲೆ ಬನ್ನಿ.”

ಇಷ್ಟು ಹೇಳಿ ಮೆಟ್ಟಿಲಿಳಿದ.

ನಾನು ಹೊಸ್ತಿಲ ಮೇಲೆ ನಿಂತಿದ್ದೆ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಗೋಡೆಯ ಗಡಿಯಾರ ಆರೂಇಪ್ಪತ್ತು ತೋರಿಸುತ್ತಿತ್ತು. ನಲವತ್ತು ನಿಮಿಷ. ಹದಿನಾರು ವರ್ಷದ ನಂತರ ಬರೀ ನಲವತ್ತು ನಿಮಿಷ. ತಿರುವಿನವರೆಗೆ ಹೋಗುತ್ತಾನೆ, ಮರೆಯುತ್ತಾನೆ, ಬರುತ್ತಾನೆ, ಎರಡು ಸಲವೂ ಹಾಗೇ ಆಯಿತಲ್ಲ ಎಂದುಕೊಂಡೆ. ನಾನು ಓಡಿಹೋದ ಆ ಹತ್ತು ನಿಮಿಷದಲ್ಲೇ ಅವರು ಬಂದರೆ? ಬಾಲ್ಕನಿಗೆ ಹೋಗಿ ನೋಡಿದೆ. ಅಪ್ಪ ಕೈ ಹಿಂದೆ ಕಟ್ಟಿಕೊಂಡು, ಆಫೀಸಿಗೆ ಹೊತ್ತಾದವನ ಹಾಗೆ ಬಿರುಸಾಗಿ ನಡೆಯುತ್ತಿದ್ದ. ತಿರುವು ಬಂತು. ಅವನು ನಿಲ್ಲಲಿಲ್ಲ.

ಅಕ್ಕನಿಗೆ ಫೋನ್ ಮಾಡಿದೆ. ಅವಳ ಫೋನು ಪಾಳಿ ಮುಗಿಯುವವರೆಗೆ ಲಾಕರಿನಲ್ಲಿರುತ್ತದೆ, ನನಗೆ ಗೊತ್ತಿದ್ದದ್ದೇ. ಕೆಳಗಿನ ಮನೆಯವರು ಊರಿಗೆ ಹೋಗಿದ್ದರು. ಹಾಲಿನ ವ್ಯಾನು ಬಂತು. ಬಾಲ್ಕನಿಯಿಂದ ಬಗ್ಗಿ, “ಮುಂದೆ ಬಿಳಿ ಬೂಟು ಹಾಕ್ಕೊಂಡಿರೋ ವಯಸ್ಸಾದವರು ಹೋಗ್ತಿದ್ದಾರೆ, ಸ್ವಲ್ಪ ನಿಲ್ಲಿಸ್ತೀರಾ,” ಎಂದೆ. ಚಾಲಕ ಆಯಿತೆಂದು ತಲೆಯಾಡಿಸಿದ. ಆಮೇಲೆ ವ್ಯಾನನ್ನು ಎದುರು ದಿಕ್ಕಿಗೆ ತಿರುಗಿಸಿಕೊಂಡು ಹೋದ.

ಆರೂಮೂವತ್ತೊಂದು. ಸಾಕು, ಹೋಗುತ್ತೇನೆ ಎಂದು ಬೂಟಿನೊಳಗೆ ಕಾಲು ತೂರಿಸಿದೆ. ಇದನ್ನು ನಾನು ಆಮೇಲೆ ಬಹಳ ಸಲ ನೆನೆಸಿಕೊಂಡಿದ್ದೇನೆ, ಕಾಲು ತೂರಿಸಿದ್ದು ನಿಜ. ಲೇಸು ಕಟ್ಟುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಅಪ್ಪ ಬಂದ ಎಂದು ಎದೆ ಹಗುರಾಯಿತು. ಬಾಗಿಲು ತೆರೆದೇ ಇದ್ದರೂ ಬೆಲ್ ಹೊಡೆಯಿತು.

ಅದೇ ಕನ್ನಡಕದ ಹೆಂಗಸು. ಹಿಂದೆ ಪೆಟ್ಟಿಗೆಯ ಗಂಡಸು.

“ನಮಸ್ತೆ ಮೇಡಂ. ಇವತ್ತು ಸಿಕ್ಕಿದ್ರಿ,” ಎಂದು ಆಕೆ ನಕ್ಕಳು. ಗುರುತಿನ ಚೀಟಿ ತೋರಿಸಿದಳು, ಕಾಗದ ತೆಗೆದಳು. “ಇಲ್ಲೊಂದು ಸಹಿ. ಇನ್ನು ಮುಗಿಯೋವರೆಗೆ ನೀವು ನನ್ನ ಕಣ್ಣೆದುರಿಗೇ ಇರಬೇಕು, ಗೊತ್ತಲ್ಲ.” ಆಮೇಲೆ ಒಳಗೆ ಇಣುಕಿ, “ತಂದೆಯವರು ಎಲ್ಲಿ? ಅವತ್ತು ನಮ್ಮನ್ನ ಚೆನ್ನಾಗಿ ಓಡಿಸಿದ್ರು,” ಎಂದಳು.

ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಹೇಳಿದರೆ ಹೋಗಬೇಕಾಗುತ್ತದೆ, ಹೋದರೆ ಆಕೆಯ ಕಣ್ಣಿನಿಂದ ಮರೆಯಾಗುತ್ತೇನೆ, ಮರೆಯಾದರೆ ನಾಲ್ಕು ವರ್ಷ. ಉಚ್ಚೆ ಕಟ್ಟಿ ಕಿಬ್ಬೊಟ್ಟೆ ಬಿರಿಯುತ್ತಿದೆ, ಐದು ನಿಮಿಷದ ಕೆಲಸ, ಮುಗಿಸಿ ಓಡುತ್ತೇನೆ ಎಂದು ಲೆಕ್ಕ ಹಾಕಿದೆ.

“ಮಲಗಿದ್ದಾರೆ,” ಎಂದೆ. “ಎಬ್ಬಿಸೋದು ಬೇಡ.”

ಬಚ್ಚಲಿನಲ್ಲಿ ಆಕೆ ನನ್ನ ಎದುರಿಗೇ ನಿಂತಳು. ತೊಂಬತ್ತು ಮಿಲಿಲೀಟರ್ ಬೇಕು. ನಲವತ್ತಕ್ಕೆ ನಿಂತುಹೋಯಿತು. ಹೊಟ್ಟೆ ಕಲ್ಲಿನಂತೆ ಬಿಗಿದುಕೊಂಡಿತ್ತು, ಒಂದು ಹನಿ ಬರಲಿಲ್ಲ. ನಲ್ಲಿ ಬಿಟ್ಟಳು, ನೀರಿನ ಸದ್ದಿಗೆ ಬರುತ್ತದೆ ಎಂದಳು. ಬರಲಿಲ್ಲ. “ಪರವಾಗಿಲ್ಲ, ಆರಾಮಾಗಿರಿ, ಎಲ್ರಿಗೂ ಆಗತ್ತೆ,” ಎಂದು ಆ ನಲವತ್ತನ್ನು ಮುಚ್ಚಿ ಮೊಹರು ಹಾಕಿದಳು. ಪೂರ್ತಿ ಆಗುವವರೆಗೆ ಕಾಯಬೇಕು.

ಹಜಾರದಲ್ಲಿ ಕೂತು ನೀರು ಕುಡಿದೆ. ಒಂದು ಲೋಟ, ಎರಡು, ಮೂರು. ಎದುರಿಗೆ ತುಂಡಾದ ತಂತಿ ಯಂತ್ರದಿಂದ ಜೋತುಬಿದ್ದಿತ್ತು. ಪೆಟ್ಟಿಗೆಯವನು ಅದನ್ನು ಮುಟ್ಟಿ, ಇಂಥ ಹಳೇ ಯಂತ್ರ ಈಗೆಲ್ಲಿ ಸಿಗತ್ತೆ ಎಂದ. ಕನ್ನಡಕದಾಕೆ ದೊಡ್ಡ ಟೂರ್ನಿಗೆ ಶುಭಾಶಯ ಹೇಳಿದಳು. ನಾನು ಹಲ್ಲು ಕಿರಿದೆ. ಆರೂನಲವತ್ತೆಂಟು. ಆರೂಐವತ್ತೈದು. ಪ್ರತಿ ಸಲ ಬೀದಿಯಲ್ಲಿ ಸದ್ದಾದಾಗಲೂ ಬಾಗಿಲ ಕಡೆ ನೋಡುತ್ತಿದ್ದೆ. ಏಳು ಹೊಡೆಯಿತು. ಒಂದು ವರ್ಷದಿಂದ ಕಾದಿದ್ದ ಗಳಿಗೆ ಅದು. ನನ್ನ ತಪ್ಪು ಅಳಿಸಿಹೋದ ಹಾಗೇ, ನಾನು ಗೆದ್ದ ಹಾಗೇ.

ಏಳೂಹನ್ನೆರಡಕ್ಕೆ ಉಳಿದ ಐವತ್ತು ಬಂತು. ಬಾಟಲಿಗೆ ಸುರಿದು, ಮುಚ್ಚಿ, ನಂಬರು ಓದಿ, ನಾಲ್ಕು ಕಡೆ ಸಹಿ ಹಾಕಿದೆ. ಕೊನೆಯ ಸಹಿ ಅರ್ಧಕ್ಕೇ ಬಿಟ್ಟು ಎದ್ದೆ.

“ಅಪ್ಪ ಮನೇಲಿಲ್ಲ,” ಎಂದು ಹೇಳಿ ಓಡಿದೆ.

ಏಳು ನಿಮಿಷದ ದಾರಿ ನನಗೆ ಎರಡೂವರೆ ನಿಮಿಷದ್ದು. ಜೀವಮಾನವಿಡೀ ಓಡಿ ಕಲಿತವಳು. ತಗಡಿನ ಮೂಲೆಯ ಸಂದು ಇನ್ನಷ್ಟು ಅಗಲವಾಗಿತ್ತು. ನುಸುಳಿ ಒಳಗೆ ಹೋದೆ. ಯಾರೂ ಇರಲಿಲ್ಲ. ಹೊಂಡದ ಅಂಚಿನಲ್ಲಿ ಬಿಳಿ ಕ್ಯಾನ್ವಾಸ್ ಬೂಟುಗಳಿದ್ದವು. ಒಂದರ ಪಕ್ಕ ಒಂದು, ನೀಟಾಗಿ, ಲೇಸುಗಳನ್ನು ಒಳಗೆ ಸಿಕ್ಕಿಸಿ. ಅಲ್ಲಿಂದ ಮುಂದೆ ಹಸಿಮಣ್ಣಿನಲ್ಲಿ ಎರಡು ಬರಿಗಾಲಿನ ಗುರುತು ಮೂಡಿತ್ತು. ಮೂರನೆಯದು ಇರಲಿಲ್ಲ. ಕೆಳಗೆ ನಮ್ಮ ಕೋರ್ಟಿನ ಬಣ್ಣದ ಕೆಂಪು ನೀರು ಅಲುಗದೆ ನಿಂತಿತ್ತು.

ಎಷ್ಟು ಹೊತ್ತು ಕಿರುಚಿದೆನೋ ಗೊತ್ತಿಲ್ಲ. ಕನ್ನಡಕದಾಕೆ ಏದುಸಿರು ಬಿಡುತ್ತ ಬಂದು ನನ್ನ ಭುಜ ಹಿಡಿದಳು. ಬೂಟುಗಳನ್ನು ನೋಡಿದಳು. ಪೆಟ್ಟಿಗೆಯವನು ಆಗಲೇ ಫೋನಿನಲ್ಲಿ ವಿಳಾಸ ಹೇಳುತ್ತಿದ್ದ.

“ಒಂದು ಮಾತು ಹೇಳಬಾರದಿತ್ತಾ ಮೇಡಂ,” ಎಂದಳು ಆಕೆ. “ನಾನೂ ನಿಮ್ಮ ಜೊತೇಲೇ ಬರ್ತಿದ್ದೆ. ಜೊತೇಲಿದ್ರೆ ಎಲ್ಲಿಗೆ ಬೇಕಾದ್ರೂ ಹೋಗಬಹುದು. ರೂಲ್‌ನಲ್ಲೇ ಇದೆ.”

ಶಿಕ್ಷೆ ಇಲ್ಲದ ಸಾಲು. ನಾನು ಓದಿರಲಿಲ್ಲ.

ಅಕ್ಕ ಬಂದಾಗ ಎಂಟು ದಾಟಿತ್ತು. ಅಷ್ಟರಲ್ಲಿ ಅಪ್ಪನನ್ನು ಮೇಲೆ ತಂದು ಮಲಗಿಸಿದ್ದರು. ಅವಳು ಸಮವಸ್ತ್ರದಲ್ಲೇ ಕೆಸರಿನಲ್ಲಿ ಮಂಡಿಯೂರಿ ಕೂತು, ದಿನವೂ ಎಷ್ಟೋ ಜನರಿಗೆ ಮಾಡುವ ಹಾಗೆ ಅಪ್ಪನ ನಾಡಿ ಹಿಡಿದು ನೋಡಿದಳು. ಬಹಳ ಹೊತ್ತು ಬಿಡಲಿಲ್ಲ. ತನ್ನ ಸೆರಗಿಲ್ಲದ ಬಟ್ಟೆಯಲ್ಲಿ ಏನೂ ಸಿಗದೆ, ಅಂಗೈಯಿಂದಲೇ ಅವನ ಅಂಗಾಲಿನ ಕೆಮ್ಮಣ್ಣು ಒರೆಸಿದಳು. ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. ಕಣ್ಣಲ್ಲಿ ನೀರಿರಲಿಲ್ಲ.

“ಎಲ್ಲಿದ್ದೆ ನೀನು?” ಎಂದಳು.

ಹದಿನಾರು ವರ್ಷದಲ್ಲಿ ಈ ಪ್ರಶ್ನೆಗೆ ಇಷ್ಟು ಸರಿಯಾದ ಉತ್ತರ ನನ್ನಲ್ಲಿ ಎಂದೂ ಇರಲಿಲ್ಲ.

“ಮನೇಲಿ,” ಎಂದೆ. “ಆರರಿಂದ ಏಳರವರೆಗೆ ಮನೇಲೇ ಇದ್ದೆ ಕಣೆ.”